ತೋಳ ಮೇಲಿನ ಗದ್ದುಗಿ

೨೨ ಡಿಸೆಂಬರ್ ೧೯೧೨, ರವಿವಾರ

ಅಂತೂ ಹಂಗರವಾಡಿ ಮುಟ್ಟಿದೆವು. ಸೋಲಾಪುರದಿಂದ ದಾಳಿಂಬದವರೆಗೆ ರಸ್ತೆಯಾದರೂ ಇತ್ತು. ಕಾಸಾರಶಿರಸಿ ದಾಟಿದ ಮೇಲೆ ಗಾಡಿ ಹೋದದ್ದೇ ದಾರಿ. ಸೊಂಟ ನನ್ನದೋ ಇನ್ನೊಬ್ಬರದೋ ತಿಳಿಯುತ್ತಿಲ್ಲ.

ನಳದುರ್ಗಕ್ಕಿಂತ ಮೊದಲು ಕರೋಡಗಿರಿ ನಾಕಾ ಬಂತು. ಅಲ್ಲಿಗೆ ಇಂಗ್ರೇಜಿ ಹದ್ದು ಮುಗಿದು ನಿಜಾಮರ ಮೊಗಲಾಯಿ ಶುರು. ಸುಂಕದ ಜವಾನ ಔಷಧದ ಪೆಟ್ಟಿಗೆ ಬಿಚ್ಚಿಸಿ, ಕ್ವಿನೈನ್ ಬಾಟಲಿ ಎತ್ತಿ ಹಿಡಿದು, “ಕ್ಯಾ ಹೈ? ದಾರೂ?” ಎಂದ. ಜೊತೆಗಿದ್ದ ದಿಗಂಬರರಾಯರು, “ದಾರೂ ನಾಹೀ ಬಾಬಾ, ಔಷಧ!” ಎಂದು ಕೂಗಿದರೂ ಕೇಳದೆ ಒಂದು ಗುಟುಕು ಕುಡಿದೇಬಿಟ್ಟ. ಅವನ ಮುಖ ನೋಡಿ ನಾನು ಗಾಡಿಯ ಹಿಂದೆ ಹೋಗಿ ನಕ್ಕೆ. ಉಳಿದ ಪೆಟ್ಟಿಗೆಗಳನ್ನು ಅವನು ಮುಟ್ಟಲಿಲ್ಲ.

ಒಂದು ಹಳ್ಳ ದಾಟಿದ್ದಕ್ಕೇ ಬೇರೆ ದೇಶ. ನಾಣ್ಯ ಬೇರೆ, ಕಚೇರಿಯ ಮಾತು ಬೇರೆ, ವರ್ಷವೂ ಬೇರೆ. ಇವರ ಕಾಗದಪತ್ರದಲ್ಲಿ ಇದು ೧೩೨೨ನೆಯ ಫಸಲಿ. ನಾನಂತೂ ನನ್ನ ತಾರೀಖು ಬಿಡುವವನಲ್ಲ. ಯುಗಾದಿಗೆ ಸೋಲಾಪುರಕ್ಕೆ ವಾಪಸು ಎಂದು ಅಣ್ಣನಿಗೆ ಹೇಳಿ ಬಂದಿದ್ದೇನೆ.

ಅಣ್ಣ ನಕ್ಕಿದ್ದ. “ರೇವಣಸಿದ್ಧಾ, ನೀ ಯುಗಾದಿ ತನಕ ಒಂದ್ ಕಡಿ ಕುಂತ್ರ ನಾ ಮೀಸಿ ಬೋಳಸ್ತೀನಿ” ಎಂದಿದ್ದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಮ್ಯಾಟ್ರಿಕ್ ಬಿಟ್ಟ ಮೇಲೆ ಅವನ ಕಾಳಿನ ಅಂಗಡಿಯಲ್ಲಿ ಎರಡು ತಿಂಗಳು, ಛಾಪಖಾನೆಯಲ್ಲಿ ಒಂದು ಮಳೆಗಾಲ, ಗಿರಣಿಯಲ್ಲಿ ಕೆಲವೇ ದಿನ. ಎಲ್ಲೂ ಕೂಡಲಿಲ್ಲ. ಸೇವಾ ಮಂಡಳಿಯವರು ಮೊಗಲಾಯಿಯ ಬಡ ಹಳ್ಳಿಗೆ ಕನ್ನಡ ಬಲ್ಲ ಹುಡುಗ ಬೇಕೆಂದಾಗ ಕೈ ಎತ್ತಿದ್ದೂ ಎದ್ದು ಹೋಗಲು ಒಂದು ನೆಪ ಸಿಕ್ಕಿತೆಂದೇ.

ದಿಗಂಬರರಾಯರು ಮಂಡಳಿಯ ಹಿರಿಯರು. ಪಂಢರಪುರದ ಕಡೆಯವರು. ಮೊದಲು ಸರಕಾರದ ‘ದೇವಿ ಡಾಕ್ಟರ್’ ಆಗಿ ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದರು. ಕನ್ನಡ ಬರುವುದಿಲ್ಲ. ಔಷಧ ಅವರದು, ಶಾಲೆ ನನ್ನದು, ಅವರ ಬಾಯಿಯೂ ನಾನೇ. ಅಡಿಗೆ ಅವರದೇ. ಬೆಳ್ಳುಳ್ಳಿ ಮುಟ್ಟುವುದಿಲ್ಲ. ಇವತ್ತಿನ ಸಾರು ಬಿಸಿನೀರಿಗೆ ಅಣ್ಣನಂತಿತ್ತು.

ನಮಗೆ ಮಾಣಿಕಪ್ಪ ಎಂಬ ರೈತರ ಮನೆಗೆ ಹೊಂದಿದ ಕೋಣೆ ಕೊಟ್ಟಿದ್ದಾರೆ. ಸಂಜೆ ಅವರ ಅಡಿಗೆಮನೆಯಿಂದ ಚುರ್ರ್ ಎಂದು ಸದ್ದು ಬಂತು. ಕುಸುಬಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಅವ್ವನ ಒಗ್ಗರಣೆಯದೂ ಇದೇ ವಾಸನೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ಅತ್ತಿಗೆ ಶೇಂಗಾ ಎಣ್ಣೆ ಹಾಕುತ್ತಾಳೆ. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಮಲಗಿದರೂ ಆ ವಾಸನೆ ಬಂತು.

ಮನೆಯ ಊಟ ಇನ್ನು ಯುಗಾದಿಗೇ.

೩೦ ಡಿಸೆಂಬರ್, ಸೋಮವಾರ

ಮುಂಜಾನೆ ಸೋಲಾಪುರದ ಗಿರಣಿಯ ಭೋಂಗಾದ ಕೂಗು ಕೇಳದೆ ಎಚ್ಚರವಾಗುವುದಿಲ್ಲ. ಇಲ್ಲಿ ಎಬ್ಬಿಸುವುದು ಮಾಣಿಕಪ್ಪ ಕಾಕಾ ಎತ್ತುಗಳಿಗೆ ಬೈಯುವ ಬೈಗುಳ.

ಶಾಲೆ ಅವರ ಪಡಸಾಲೆಯಲ್ಲಿ. ಸುಮಾರು ಇಪ್ಪತ್ತು ಮಕ್ಕಳು. ಪಾಟಿ ಆರೇ. ಉಳಿದವರು ನೆಲದ ಮೇಲೆ ಮಣ್ಣು ಹರಡಿ ಬರೆಯುತ್ತಾರೆ. ಕಾಕಾ ಬಾಗಿಲಲ್ಲಿ ನಿಂತು ನೋಡಿ ಕೇಳಿದರು:

“ಅಲ್ರಿ ಮಾಸ್ತರ, ನಿಲಂಗಾ ಕಚೇರಿದಾಗ ಉರ್ದು, ಬಾಜಾರದಾಗ ಮರಾಠಿ. ಕನ್ನಡ ಕಲ್ತು ಏನ್ ಮಾಡ್ತಾವ್ರಿ ಇವು? ಕನ್ನಡ ಅಂದ್ರ ಎತ್ತಿಗಿ ಬೈಲಾಕ.”

“ಬೈಗುಳಾನರೆ ನೆಟ್ಟಗ ಬರೀಲಿ ಬಿಡ್ರಿ ಕಾಕಾ” ಎಂದೆ. ಗಹಗಹಿಸಿ ನಕ್ಕರು. ಪಡಸಾಲೆ ಉಳಿಯಿತು.

ಅವರ ತಾಯಿ ಕಸ್ತೂರಬಾಯಿಯನ್ನು ಊರೆಲ್ಲ ಆಯಿ ಎನ್ನುತ್ತದೆ. ನನ್ನ ಮುಖದ ಸಿಡುಬಿನ ಕುಳಿಗಳನ್ನು ಹತ್ತಿರ ಬಂದು ನೋಡಿ, “ಆಕಿ ನಿಮ್ಮ ಮನ್ಯಾಗ ಹೊಟ್ಟಿ ತುಂಬಾ ಉಂಡು ಹೋಗ್ಯಾಳಲ್ಲೋ ತಮ್ಮಾ” ಎಂದರು. ಆಕಿ ಎಂದರೆ ಸಿಡುಬಿನ ದೇವಿ, ಮರಗಾಯಿ. ಆಮೇಲೆ ಸೊಸೆಯ ಕೈಯಲ್ಲಿ ಒಂದು ರೊಟ್ಟಿ, ಪುಂಡಿಪಲ್ಯ ಕಳಿಸಿದರು. ರಾಯರು ಸ್ನಾನಕ್ಕೆ ಹೋದಾಗ ಗೋಡೆಗೆ ಮುಖ ಮಾಡಿ ತಿಂದೆ.

೭ ಜನವರಿ ೧೯೧೩, ಯಳ್ಳಮಾಸಿ

ಎಳ್ಳು ಅಮಾವಾಸ್ಯೆ, ಊರಿಗೆ ಊರೇ ಹೊಲದಲ್ಲಿ. ಯಾರ ಹೊಲದ ಬದುವಿನಲ್ಲಿ ಯಾರು ಹಾದುಹೋದರೂ ಕರೆದು ಉಣ್ಣಿಸದೆ ಬಿಡುವುದಿಲ್ಲ ಇವತ್ತು. ಮಾಣಿಕಪ್ಪ ಕಾಕಾ ಅಂಬಲಿಯ ಗಡಿಗೆ ತಲೆಯ ಮೇಲೆ ಹೊತ್ತು ಮುಂದೆ, ಹಿಂದೆ ಅವರ ಹೆಂಡತಿ ಪ್ರಯಾಗಬಾಯಿ, ಅವಳ ಬಗಲಲ್ಲಿ ಗುರಣ್ಣ. ಇನ್ನೂ ಹಲ್ಲು ಮೂಡದ ಕೂಸು. ನನ್ನ ಕಿರುಬೆರಳು ಹಿಡಿದುಕೊಂಡು ಚಂದ್ರಭಾಗಾ, ಗುರಣ್ಣನ ಅಕ್ಕ. ಆರು ವರ್ಷದ ಬಾಯಿಬಡುಕಿ. ಶಾಲೆಯಲ್ಲಿ ‘ಕ’ ಬರೆ ಎಂದರೆ ಅದಕ್ಕೆ ಎರಡು ಕೊಂಬು ಮೂಡಿಸಿ, “ಇದು ನಮ್ಮ ಕರಿ ಎತ್ತರೀ ಮಾಸ್ತರ” ಅನ್ನುವವಳು.

ಜೋಳದ ನಡುವೆ ಕಂಬಳಿ ಹಾಸಿ ಕೂತೆವು. ಕಾಳು, ಸೊಪ್ಪು, ಹುಣಸೆ ಎಲ್ಲ ಕೂಡಿ ಬೆಂದ ಭಜ್ಜಿ. ರಾಯರು ಮೂರು ಸಲ ಹಾಕಿಸಿಕೊಂಡರು. “ಕಾಯ ಚವ ಆಹೇ!” ಎಂದು ಬೆರಳು ನೆಕ್ಕಿದರು. ಆ ರುಚಿ ಬೆಳ್ಳುಳ್ಳಿಯದೆಂದು ನಾನು ಹೇಳಲಿಲ್ಲ. ಆಯಿ ನನಗೆ ಕಣ್ಣು ಮಿಟುಕಿಸಿದರು.

ನಾನು ಉಂಡು ಎದ್ದು, ಬಾವಿಗೆ ಹೋಗಿ, ಬಂದು, ಮತ್ತೆ ಎದ್ದೆ. “ಎರಡ್ ಗಳಿಗಿ ಕುಂಡ್ರಬಾರದೇನೋ? ಕಾಲಾಗ ಗಾಲಿ ಅವ ಏನು?” ಎಂದು ಆಯಿ ಬೈದರು.

ಅವ್ವ, ಅಣ್ಣ, ನಾನು, ತಂಗಿ ಸುಗಂಧಾ ಹೀಗೇ ದೇಗಾವ ರಸ್ತೆಯ ಸೋದರಮಾವನ ಹೊಲಕ್ಕೆ ಹೋಗುತ್ತಿದ್ದೆವು. ಸುಗಂಧಾ ಅಂಬಲಿಯನ್ನು ಮೂಗಿಗೆ ಹಚ್ಚಿಕೊಂಡು ಮುದುಕಿಯ ಹಾಗೆ ನಡೆಯುತ್ತಿದ್ದಳು. ಇವತ್ತು ಚಂದ್ರಿ ಹಾಗೇ ಮಾಡಿದಳು. ಇದನ್ನು ಎಲ್ಲ ಮಕ್ಕಳೂ ಮಾಡುತ್ತಾರೆಂದು ಕಾಣುತ್ತದೆ.

೧೯ ಜನವರಿ, ರವಿವಾರ

ಸೋಲಾಪುರದಲ್ಲಿ ಸಂಕ್ರಾಂತಿ ಮುಗಿದು ಸಿದ್ಧರಾಮನ ಜಾತ್ರೆಯ ನಂದಿಕೋಲುಗಳು ಮನೆಗೆ ಹೋಗಿರಬೇಕು. ಕೆರೆಯ ಮೆಟ್ಟಿಲ ಮೇಲೆ ಕೂತು ಕಬ್ಬು ಸಿಗಿದು ತಿನ್ನುವ ಗೆಳೆಯರಿಗೆ ನನ್ನ ನೆನಪು ಬಂತೋ ಇಲ್ಲವೋ. ಓಡಿಹೋಗಬೇಕೆನಿಸಿತ್ತು. ಬಾಡಿಗೆ ಹೊಡೆಯುವ ವೀರಭದ್ರನ ಗಾಡಿ ಬಾಜಾರಕ್ಕೆ ಹೊರಟಾಗ ಹತ್ತಿಯೂ ಕೂತಿದ್ದೆ. ಚಂದ್ರಿ ಓಡಿ ಬಂದು, “ಮಾಸ್ತರ್ರೀ, ಖ ಹೇಳಿಲ್ಲ ಇನ್ನಾ” ಎಂದಳು. ಇಳಿದೆ. ಒಂದು ಅಕ್ಷರ ಅಷ್ಟೆ.

೬ ಫೆಬ್ರವರಿ, ಗುರುವಾರ

ಔರಾದ ಶಹಾಜನಿಯ ಬಾಜಾರದಿಂದ ಸುದ್ದಿ ಬಂದಿದೆ, ಆ ಕಡೆ ಸಿಡುಬು ಎದ್ದಿದೆಯಂತೆ. ರಾಯರಿಗೆ ಮೈಯಲ್ಲಿ ಹರೆಯ ಬಂದಂತಾಯಿತು. ಲಸಿಕೆಯ ಗಾಜಿನ ನಳಿಗೆಗಳು ತಂದ ದಿನದಿಂದ ಆಯಿಯ ಕುಡಿಯುವ ನೀರಿನ ಹರವಿಯ ಕೆಳಗೆ, ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿವೆ. ಕೂಸಿಗೆ ಜ್ವರ ನೋಡಿದ ಹಾಗೆ ದಿನಾ ಮುಟ್ಟಿ ನೋಡುತ್ತಾರೆ. ಬಿಸಿಲಿಗೆ ಸಿಕ್ಕರೆ ಲಸಿಕೆ ಸತ್ತುಹೋಗುತ್ತದೆ.

“ಊರಾಗೆ ಡಂಗುರ ಹೊಡಿಸು, ನಾಳೆ ದೇವೀ ಕಾಢಣಾರ” ಎಂದರು ರಾಯರು, ಇಲ್ಲಿ ಕಲಿತ ಒಂದೆರಡು ಕನ್ನಡದ ಮಾತಿಗೆ ಮರಾಠಿ ಬೆರೆಸಿ. ಮರಾಠಿಯಲ್ಲಿ ದೇವಿ ಕಾಢಣೆ ಎಂದರೆ ಲಸಿಕೆ ಹಾಕುವುದು. ನಾನು ಅವಸರದಲ್ಲಿದ್ದೆ. ಕಾಢಣೆ ಎಂದರೆ ತೆಗೆಯುವುದು ತಾನೆ? ಹಲಗೆಯವನಿಗೆ ಹಾಗೇ ಹೇಳಿಕೊಟ್ಟೆ. ಸಂಜೆ ಅವನು ಓಣಿ ಓಣಿ ಕೂಗಿದ:

“ಕೇಳ್ರೆಪ್ಪೋ ಕೇಳ್ರಿ! ನಾಳಿ ಮುಂಜಾನಿ ಸೋಲಾಪುರದವರು ದೇವಿ ತೆಗೀತಾರ! ಎಲ್ಲರೂ ತಮ್ ತಮ್ ಮಕ್ಕಳಿಗಿ ತಗೊಂಡು ಬರ್ರಿ!”

೭ ಫೆಬ್ರವರಿ, ಶುಕ್ರವಾರ

ಮುಂಜಾನೆ ಒಂದು ಮಗುವೂ ಬರಲಿಲ್ಲ. ಊರಿನ ಗಂಡಸರೆಲ್ಲ ಬೇವಿನ ಮರದ ಕೆಳಗೆ ಮರಗಾಯಿ ಗುಡಿಯ ಸುತ್ತ ಬಡಿಗೆ ಹಿಡಿದು ನಿಂತಿದ್ದರು. ನಾವು ದೇವಿಯನ್ನು ಕಿತ್ತು ತೆಗೆಯುತ್ತೇವೆ, ಅದಕ್ಕೆ ಮಕ್ಕಳು ಬೇಕೆಂದಿದ್ದೇವೆ ಎಂದು ತಿಳಿದಿದ್ದಾರೆ!

ನಾನು ಓಡಿದೆ. “ತಪ್ಪಾಯ್ತ್ರೀ! ತೆಗಿಯೋದಲ್ಲ, ಹಾಕೋದು! ಮಕ್ಕಳಿಗೆ ದೇವಿ ಹಾಕ್ತೀವಿ!” ಎಂದು ಕೂಗಿದೆ. ನಮ್ಮ ಸೋಲಾಪುರದ ಕನ್ನಡದಲ್ಲಿ ಹಾಗೇ ಅನ್ನುವುದು.

ಹಿಂದಿನಿಂದ ಒಬ್ಬ ಹೆಂಗಸು, “ಕೇಳಿದ್ರೆ? ಬ್ಯಾನಿ ಹಾಕ್ತಾನಂತ ಕೂಸಗೋಳಿಗಿ! ಮಾರಿ ನೋಡ್ರಿ ಅವನ್ದು, ಹಂಚ್ಲಾಕೇ ಬಂದಾನ!” ಎಂದು ಚೀರಿದಳು.

ಬಡಿಗೆ ನನ್ನ ಮೇಲೆ ಬೀಳದಂತೆ ಅಡ್ಡ ಬಂದವರು ಮಾಣಿಕಪ್ಪ ಕಾಕಾ. ಮನೆಗೆ ಬಂದ ಮೇಲೆ ಅವರೇ, ನನ್ನ ಮುಖ ನೋಡದೆ, “ಶಿವರಾತ್ರಿ ಆದ ಮ್ಯಾಲ ವೀರಭದ್ರನ ಗಾಡಿ ಕಾಸಾರಶಿರಸಿಗಿ ಹೋಗ್ತದ. ಇಬ್ರೂ ಅದರಾಗ ಹೋಗಿಬಿಡ್ರಿ. ನಮ್ಮ ಮಕ್ಕಳ ತಂಟಿಗಿ ಬರಬ್ಯಾಡ್ರಿ” ಎಂದರು.

ಯುಗಾದಿಗೆ ಮುಂಚೆಯೇ ಮನೆ. ಸಂತೋಷವಾಗಬೇಕಿತ್ತು.

ಫೆಬ್ರವರಿ, ಬಾಜಾರದ ಮರುದಿನ

ಪಡಸಾಲೆ ಖಾಲಿ. ಚಂದ್ರಿಯೊಬ್ಬಳೇ ಕಂಬದ ಮರೆಯಲ್ಲಿ ಬಂದು ಕೂಡುತ್ತಾಳೆ. ಅವಳ ಮನೆಯ ಪಡಸಾಲೆಗೆ ಅವಳು ಬರಬಾರದೆಂದು ಯಾರು ಹೇಳಿಯಾರು? ‘ಘ’ದವರೆಗೆ ಬಂದಿದ್ದೇವೆ.

ರಾಯರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹರವಿಯ ಕೆಳಗಿನ ಬಟ್ಟೆಗೆ ಮಾತ್ರ ದಿನಾ ನೀರು ಹಾಕುತ್ತಾರೆ. “ಮೇಲೀ ಅಸಣಾರ” ಎಂದು ಗೊಣಗುತ್ತಾರೆ. ಲಸಿಕೆ ಸತ್ತಿರಬೇಕು ಎಂದು.

ಶಿವರಾತ್ರಿಗೆ ಮುಂಚಿನ ಸೋಮವಾರ

ಇವತ್ತು ಸಂಜೆ ಏನೋ ಕಳೆದುಹೋದಂತಿತ್ತು. ಕೋಣೆಯಲ್ಲಿ ಕೂತೆ, ಎದ್ದೆ, ಅಂಗಳದಲ್ಲಿ ತಿರುಗಾಡಿದೆ. ಏನೆಂದು ತಿಳಿಯಲಿಲ್ಲ. ಯಳ್ಳಮಾಸಿಯ ಹೊಲ, ಮಕ್ಕಳ ಗದ್ದಲ, ಡಂಗುರಕ್ಕಿಂತ ಮುಂಚಿನ ಆ ದಿನಗಳೆಲ್ಲ ನೆನಪಾಗಿ, ಅದಕ್ಕೇ ಇರಬೇಕು ಅಂದುಕೊಂಡೆ.

ಆಮೇಲೆ ತಿಳಿಯಿತು. ಚುರ್ರ್ ಎನ್ನಲಿಲ್ಲ.

ಮಾಣಿಕಪ್ಪ ಕಾಕಾ ಮನೆಯಲ್ಲಿ ಒಲೆ ಉರಿಯುತ್ತಿದೆ, ಹೊಗೆ ಬರುತ್ತಿದೆ, ಒಗ್ಗರಣೆ ಇಲ್ಲ. ನಿನ್ನೆಯೂ ಇರಲಿಲ್ಲ. ಆಯಿಯ ರೊಟ್ಟಿಯೂ ಎರಡು ದಿನದಿಂದ ಬಂದಿಲ್ಲ. ಚಂದ್ರಿ ಇವತ್ತು ತಲೆ ಬಾಚದೆ ಬಂದಿದ್ದಳು.

ನನಗೆ ಆರು ವರ್ಷವಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ದೇವಿ ಮನೆಗೆ ಬಂದರೆ ಎಣ್ಣೆ ಕಾಯಿಸಬಾರದು, ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಮನೆಯಿಂದ ಏನೂ ಹೊರಗೆ ಕೊಡಬಾರದು. ಬಾಗಿಲಿಗೆ ಬೇವಿನ ಸೊಪ್ಪು. ನಾನೂ ಸುಗಂಧಾನೂ ಒಂದೇ ಕಂಬಳಿಯ ಮೇಲೆ ಮಲಗಿದ್ದೆವು. ದೇವಿಯನ್ನು ಕಳಿಸಿದ ದಿನ ಅವ್ವ ಒಗ್ಗರಣೆ ಹಾಕಿದಳು. ಆ ಸದ್ದಿಗೆ ನಾನು ಎದ್ದು ಕೂತೆ. ಕಂಬಳಿಯ ಮೇಲೆ ನಾನೊಬ್ಬನೇ ಇದ್ದೆ.

ಕಾಕಾರ ಬಾಗಿಲಿಗೆ ಬೇವು ಕಟ್ಟಿಲ್ಲ. ಮುಚ್ಚಿಡುತ್ತಿದ್ದಾರೆ.

ಮಂಗಳವಾರ

ಬಾಗಿಲು ತಟ್ಟಿದೆ. ಮಾಣಿಕಪ್ಪ ಕಾಕಾ ಅರ್ಧ ತೆರೆದು ನಿಂತರು.

“ಯಾರಿಗಿ ಬಂದದರಿ ಕಾಕಾ? ಗುರಣ್ಣಗೇನು?”

“ಏನೂ ಬಂದಿಲ್ಲ. ನಡೀರಿ.”

“ಒಗ್ಗರಣೆ ಯಾಕ ಹಾಕವಲ್ರಿ?”

ಅವರ ಕೈ ಬಾಗಿಲಿನಿಂದ ಜಾರಿತು. ಒಳಗೆ ಕತ್ತಲೆಯಲ್ಲಿ ಪ್ರಯಾಗಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಮುಖದ ತುಂಬ ಮುತ್ತು, ಕೀವಿನ ಗುಳ್ಳೆ. ಚಂದ್ರಿ ಅದರ ಪಕ್ಕದಲ್ಲೇ ಕೂತು ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದಳು.

ರಾಯರಿಗೆ ಹೇಳಿದೆ. ಅವರು ಸಿಟ್ಟನ್ನೆಲ್ಲ ಮರೆತು ಎದ್ದು ನಿಂತರು. ಕೂಸಿಗೆ ಈಗ ಲಸಿಕೆ ಹಾಕಿ ಉಪಯೋಗವಿಲ್ಲ. ಆದರೆ ಹುಡುಗಿಗೆ ಇವತ್ತು ನಾಳೆಯೊಳಗೆ ಹಾಕಿದರೆ ಉಳಿಯುತ್ತಾಳೆ. ತಡವಾದರೆ ಅವಳೂ ಅದೇ ಕಂಬಳಿಯ ಮೇಲೆ.

ಕಾಕಾ ಒಪ್ಪಲಿಲ್ಲ. “ಮನ್ಯಾಗ ಆಕಿ ಕುಂತಾಳ. ಆಕಿ ಎದುರಿಗೇ ಆಕಿಗಿ ತೆಗಿತೀವಿ ಅಂದ್ರ ನನ್ನ ಕೂಸು ಉಳೀತದೇನ್ರಿ?” ಅಂಥ ಗಂಡಸು ಅತ್ತುಬಿಟ್ಟರು.

ಬುಧವಾರ

ಮುಂಜಾನೆ ಆಯಿ ಹಿತ್ತಲ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಹೋಗಿ ಕಾಲ ಹತ್ತಿರ ಕೂತೆ.

“ಆಯಿ, ನಾ ಆವತ್ತು ತಪ್ಪು ಮಾತು ಆಡಿದೆ. ತೆಗಿಯೋದೂ ಅಲ್ಲ, ಹಾಕೋದೂ ಅಲ್ಲ.”

“ಮತ್ತೇನೋ ಅದು?”

“ನನಗ ಗೊತ್ತಿಲ್ಲ” ಎಂದೆ.

ಆಯಿ ಗೋಡೆಯ ಕಡೆ ತಿರುಗಿದರು. “ಮನಿಗಿ ಬೀಗತಿ ಬಂದ್ರ ಹೋಗು ಅಂಬ್ತಾರೇನೋ ಯಾರರೆ? ಜಾಗಾ ತೋರಸ್ತಾರ, ಕೂಡ್ರಿ ಅಂಬ್ತಾರ. ಜಾಗಾ ತೋರಸಲಿಲ್ಲಂದ್ರ ಆಕಿ ಮನಿ ತುಂಬಾ ತಿರಗ್ತಾಳ” ಎಂದರು, ನನಗಲ್ಲ, ಗೋಡೆಗೆ ಹೇಳಿದಂತೆ.

ನಾನು ಎದ್ದು ನಿಂತೆ. ಮತ್ತೆ ಕೂತೆ. “ಅದೇರಿ ಆಯಿ! ನಾವು ಅದನ್ನೇ ಮಾಡೋದು. ತೋಳ ಮ್ಯಾಲ ಆಕಿಗಿ ಒಂದು ಗದ್ದುಗಿ ಹಾಕ್ತೀವಿ. ಇಷ್ಟೇ ಇಷ್ಟು. ಆಕಿ ಅಲ್ಲೇ ಕೂಡ್ತಾಳ, ಎಂಟ್ ದಿನ ಕುಂತು ಎದ್ದು ಹೋಗ್ತಾಳ. ಗದ್ದುಗಿ ಇದ್ದ ಮ್ಯಾಲ ಮೈ ತುಂಬಾ ಯಾಕ ತಿರಗ್ತಾಳ?”

ಆಯಿ ನನ್ನ ಮುಖ ನೋಡಿದರು. ಕುಳಿಗಳನ್ನು ಒಂದೊಂದಾಗಿ ನೋಡಿದಂತಿತ್ತು.

“ನಿನಗ ಹಾಕಿದ್ದಿಲ್ಲೇನು?”

“ಇಲ್ಲರಿ. ನನ್ನ ತಂಗಿಗೂ ಇಲ್ಲ.”

ತಂಗಿ ಎಲ್ಲಿದ್ದಾಳೆಂದು ಆಯಿ ಕೇಳಲಿಲ್ಲ. ಎದ್ದು ಒಳಗೆ ಹೋದರು. ಅವರ ದನಿ ಹೊರಗಿನವರೆಗೂ ಕೇಳಿಸಿತು: “ಮಾಣಿಕ್ಯಾ, ಬಾಗಿಲಿ ಬಿಡು. ನಿನ್ನ ಹಡದಾಕಿ ನಾನಾ, ನನ್ನ ಹಡದಾಂವ ನೀ ಅಲ್ಲ.”

ಹಿತ್ತಲಿನಲ್ಲೇ ಚಂದ್ರಿಯನ್ನು ಕೂಡಿಸಿದೆವು. ಆಯಿ ರಾಯರ ಪೆಟ್ಟಿಗೆಗೆ ಕುಂಕುಮ ಹಚ್ಚಿದರು, ಬೇವು ಇಟ್ಟರು, ತೆಂಗಿನಕಾಯಿ ಒಡೆದರು. ತೋಳಿಗೂ ಅರಿಸಿನ ಹಚ್ಚಲು ಹೋದಾಗ ಮಾತ್ರ ರಾಯರು, “ತಿಥೇ ನಕೋ, ತಿಥೇ ನಕೋ ಆಯಿ!” ಎಂದು ಬೇಡಿಕೊಂಡರು. ಅಲ್ಲಿ ಮುಟ್ಟಿದರೆ ಲಸಿಕೆ ಕೆಡುತ್ತದೆ.

“ಏನಂತಾನ ಈಂವಾ?”

“ಗದ್ದುಗಿ ಮ್ಯಾಲ ಆಕಿಗಿಂತ ಮೊದಲು ಯಾರೂ ಕೂಡಬಾರದಂತರಿ” ಎಂದೆ.

“ಅದೂ ಖರೇನ” ಎಂದು ಆಯಿ ಅರಿಸಿನವನ್ನು ಚಂದ್ರಿಯ ಕೆನ್ನೆಗೆ ಬಳಿದರು.

ನಾಲ್ಕು ಗೀರು. ಚಂದ್ರಿ ನನ್ನ ಕಿರುಬೆರಳನ್ನು ಮುರಿಯುವಷ್ಟು ಹಿಡಿದಿದ್ದಳು, ಅಳಲಿಲ್ಲ. “ಮಾಸ್ತರ್ರೀ, ಇದು ಯಾ ಅಕ್ಷರ?” ಎಂದಳು.

ಸಂಜೆಯೊಳಗೆ ಓಣಿಯ ಇನ್ನೂ ನಾಲ್ಕು ಮಕ್ಕಳನ್ನು ಆಯಿಯೇ ಎಳೆದು ತಂದರು. ಉಳಿದ ಊರು ದೂರ ನಿಂತು ನೋಡಿತು. ಮಾಣಿಕಪ್ಪ ಕಾಕಾ ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಬೇವು ಕಟ್ಟಿದರು.

ಶಿವರಾತ್ರಿ

ವೀರಭದ್ರ ನಾಳೆ ಬೆಳಿಗ್ಗೆ ಗಾಡಿ ಹೂಡುವುದಾಗಿ ಹೇಳಿ ಹೋದ. ಹೇಗೆ ಹೋಗಲಿ? ಗುರಣ್ಣನ ಹತ್ತಿರ ಯಾರಾದರೂ ಕೂಡಬೇಕು. ಪ್ರಯಾಗಬಾಯಿಗೆ ನಿದ್ದೆ ಇಲ್ಲ. ನನಗೆ ಒಮ್ಮೆ ಬಂದು ಹೋಗಿರುವುದರಿಂದ ಮತ್ತೆ ತಗುಲುವುದಿಲ್ಲ. ಕಾಕಾ ಈಗ ಹೋಗಿರಿ ಎನ್ನುವುದಿಲ್ಲ, ಇರಿ ಎಂದೂ ಇಲ್ಲ. ಒಂದು ಹೊಸ ಕಂಬಳಿ ತಂದು ನನ್ನ ಪಕ್ಕ ಇಟ್ಟು ಹೋದರು.

ಶಿವರಾತ್ರಿ ಕಳೆದ ರವಿವಾರ

ಗುರಣ್ಣ. ಎದೆಯಲ್ಲಿ ಗೊರಗೊರ. ಹಾಲು ನುಂಗುವುದಿಲ್ಲ. ಒದ್ದೆ ಅರಿವೆ, ಬೇವಿನ ಗಾಳಿ, ಒಂದೊಂದು ಹನಿ ನೀರು. ಬೇರೇನೂ ಬರೆಯಲು ಮನಸ್ಸಿಲ್ಲ.

ಬುಧವಾರ, ಗದ್ದುಗಿ ನೋಡುವ ದಿನ

ಎಂಟನೆಯ ದಿನಕ್ಕೆ ಲಸಿಕೆ ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ. ಹಿಡಿದರೆ ಗೀರಿನ ಮೇಲೆ ಮುತ್ತು ಎದ್ದಿರಬೇಕು. ಎರಡು ತಿಂಗಳಿಗೂ ಹೆಚ್ಚು ಹರವಿಯ ಕೆಳಗೆ ಕಳೆದ ನಳಿಗೆಗಳು.

ಮೊದಲನೆಯ ಮಗುವಿನ ತೋಳು ಬರಿದು. ಎರಡನೆಯದು ಬರಿದು. ಮೂರು, ನಾಲ್ಕು, ಎಲ್ಲ ಒಣಗಿದ ಗೀರು. ಸುತ್ತ ನಿಂತ ಜನ ಗುಸುಗುಸು ಶುರುಮಾಡಿದರು. ರಾಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

ಚಂದ್ರಿಯೇ ಕುಪ್ಪಸದ ತೋಳು ಮೇಲೆತ್ತಿ, “ನಂದು ನೋಡ್ರಲ್ಲಾ, ತಿಂಡಿ ಬಿಡಲತ್ತದ” ಎಂದು ತುರಿಕೆ ತಡೆಯದೆ ಮುಂದೆ ಬಂದಳು. ನಾಲ್ಕು ಮುತ್ತು. ನಡುವೆ ಗುಳಿ ಬಿದ್ದು, ಸುತ್ತ ಕೆಂಪು. ಮೈಯಲ್ಲಿ ಬೇರೆಲ್ಲೂ ಒಂದು ಗುಳ್ಳೆ ಇಲ್ಲ.

ಮಾಣಿಕಪ್ಪ ಕಾಕಾ ಮೊಣಕಾಲೂರಿ ನೋಡಿದರು. ಬೆರಳು ತೋಳಿನ ಹತ್ತಿರ ಹೋಯಿತು, ಮುಟ್ಟಲಿಲ್ಲ. “ಕುಂತಾಳಪಾ” ಎಂದರು, ಸಣ್ಣ ದನಿಯಲ್ಲಿ. “ಅವ್ವಾ, ಆಕಿ ಇಲ್ಲೇ ಕುಂತಾಳ.”

ನಳಿಗೆಗಳೆಲ್ಲ ಸತ್ತಿದ್ದವು, ಒಂದರ ಹೊರತು. ಇನ್ನು ಊರಿಗೆ ಎಲ್ಲಿಂದ ತರುವುದು? ಸೋಲಾಪುರದಿಂದ ಬರುವಷ್ಟರಲ್ಲಿ ತಡವಾಗುತ್ತದೆ ಎಂದೆ. ರಾಯರು ನಕ್ಕರು. ಬಂದಾಗಿನಿಂದ ಅವರು ಹಲ್ಲು ಕಾಣಿಸಿ ನಕ್ಕದ್ದು ಇವತ್ತೇ. ನಳಿಗೆ ಇಲ್ಲದ ಕಾಲದಲ್ಲಿ ಅವರು ತೋಳಿನಿಂದ ತೋಳಿಗೆ ಹಾಕುತ್ತಿದ್ದರಂತೆ. ಚಂದ್ರಿಯ ಮುತ್ತಿನಿಂದ ಒಂದು ಹನಿ ತೆಗೆದರೆ ಹತ್ತು ಮಕ್ಕಳಿಗೆ ಸಾಕು.

ಇದನ್ನು ಜನಕ್ಕೆ ಹೇಗೆ ಹೇಳಲಿ ಎಂದು ಬಾಯಿ ತೆರೆದೆ. ಆಯಿ ನನ್ನ ಬಾಯಿ ಮುಚ್ಚಿದರು. “ನೀ ಸುಮ್ಕಿರು. ನಿನ್ನ ಬಾಯಿ ಒಮ್ಮಿ ನೋಡೀವಿ” ಎಂದು, ಕಟ್ಟೆ ಹತ್ತಿ ಕೂಗಿದರು: “ಎಲ್ಲಾರೂ ಬರ್ರಿ! ನಮ್ಮ ಚಂದ್ರಿ ಗದ್ದುಗಿ ಪ್ರಸಾದ ಅದ! ಕೂಸಗೋಳಿಗಿ ತರ್ರಿ!”

ಬಂದರು. ಆವತ್ತು ನನ್ನನ್ನು ಬೈದಿದ್ದ ಹೆಂಗಸು ಎರಡು ಮಕ್ಕಳನ್ನು ಎರಡೂ ಬಗಲಲ್ಲಿ ಎತ್ತಿಕೊಂಡು ಎಲ್ಲರಿಗಿಂತ ಮುಂದೆ. ರಾಯರು ಬೆವರು ಸುರಿಸುತ್ತ, “ಗದ್ದುಗೀ! ಗದ್ದುಗೀ ಹಾಕಾಯಚೀ, ಯಾ, ಯಾ!” ಎಂದು ಬಾಜಾರದಲ್ಲಿ ಬದನೆಕಾಯಿ ಮಾರುವವರ ಹಾಗೆ ಕೂಗುತ್ತಿದ್ದರು. ಚಂದ್ರಿ ನಡುವೆ ಮಣೆಯ ಮೇಲೆ, ತೋಳು ಚಾಚಿ, ಮಠದ ಸ್ವಾಮಿಗಳಿಗಿಂತ ಗಂಭೀರವಾಗಿ ಕೂತಿದ್ದಳು.

ಗುರಣ್ಣ ಇನ್ನೂ ಕಣ್ಣು ತೆರೆದಿಲ್ಲ.

ಕುಸುಬಿ ಬಡಿಯುವ ಮೊದಲ ದಿನ

ರಾಯರು ಹೊಸ ನಳಿಗೆ ತಂದು ಔರಾದ ಕಡೆಯ ಹಳ್ಳಿಗಳಿಗೆ ಹೋಗುತ್ತಾರಂತೆ. ವೀರಭದ್ರನ ಗಾಡಿಯಲ್ಲಿ ಹೊರಟರು. ಆಯಿ ಬುತ್ತಿ ಕಟ್ಟಿದರು. ಗಾಡಿ ಹತ್ತುವ ಮುಂಚೆ ರಾಯರು ನನ್ನ ಕಿವಿಯಲ್ಲಿ, ಯಳ್ಳಮಾಸಿಯ ಭಜ್ಜಿಯಲ್ಲಿ ಬೆಳ್ಳುಳ್ಳಿ ಇದ್ದದ್ದು ಮೊದಲ ತುತ್ತಿಗೇ ತಿಳಿದಿತ್ತು ಎಂದರು. ಇನ್ನು ಅವರಿಗೆ ನಾನು ಬೇಕಾಗಿಲ್ಲ. ಬೇಕಾದ ಒಂದು ಮಾತನ್ನು ಕಲಿತಿದ್ದಾರೆ.

ಗುರಣ್ಣನ ಮುತ್ತು ಒಣಗಿ ಉದುರುತ್ತಿವೆ. ಜ್ವರ ಇಳಿದಿದೆ. ಎಡಗಣ್ಣು ತೆರೆದ. ಬಲಗಣ್ಣಿನ ಮೇಲೆ ಬಿಳಿ ಹೂ ಬಿದ್ದಿದೆ. ದೀಪವನ್ನು ಆ ಕಡೆಯಿಂದ ತಂದರೆ ತಿರುಗುವುದಿಲ್ಲ. ಪ್ರಯಾಗಬಾಯಿ ನೋಡಿದಳು, ನಾನು ನೋಡಿದೆ. ಸಂಜೆ ಕಾಕಾ ಕೂಸನ್ನು ಎಡಗಡೆಯಿಂದ ಎತ್ತಿಕೊಂಡರು. ಅವರೂ ನೋಡಿದ್ದಾರೆ.

ಅಣ್ಣನ ಕಡೆಯಿಂದ ಯಾರೋ ಬಂದಿದ್ದರು. ಯುಗಾದಿ ಹತ್ತಿರ ಬಂತು, ಯಾವಾಗ ಬರುತ್ತಿ ಎಂದು ಕೇಳಿದನಂತೆ. ಹೇಳಿ ಕಳಿಸಿದೆ, ಮಕ್ಕಳು ಇನ್ನೂ ಒತ್ತಕ್ಷರಕ್ಕೆ ಬಂದಿಲ್ಲ.

ದೇವಿ ಕಳಿಸಿದ ದಿನ

ಮುಂಜಾನೆ ಬೇವಿನ ನೀರಿನಲ್ಲಿ ಗುರಣ್ಣನಿಗೆ ಎರೆದರು. ಆಯಿ ಮೊಸರನ್ನ, ಹಸಿರು ಬಳೆ, ಕುಬಸದ ಬಟ್ಟೆ ಮೊರದಲ್ಲಿ ಇಟ್ಟುಕೊಂಡು ಊರ ಹೊರಗಿನ ಮರಗಾಯಿ ಗುಡಿಗೆ ಹೋದರು. ಊರಲ್ಲಿ ಬೇರೆ ಯಾರಿಗೂ ಬಂದಿಲ್ಲ. ಶಾಲೆಗೆ ಎಲ್ಲ ಮಕ್ಕಳೂ ಬಂದರು. ಎಲ್ಲರ ತೋಳಿನ ಮೇಲೂ ಹಕ್ಕಳೆ. ಯಾರ ಗದ್ದುಗಿ ದೊಡ್ಡದು ಎಂದು ಜಗಳ. ಅರ್ಧ ದಿನ ಪಾಠವೇ ಆಗಲಿಲ್ಲ.

ವೀರಭದ್ರ ಗಾಡಿ ನಿಲ್ಲಿಸಿ, “ಮಾಸ್ತರ, ನಾಳಿ ಹೊಂಟೀನಿ. ಹಬ್ಬಕ್ಕ ಹೋಗ್ತಿದ್ರಲ್ಲ, ಬರ್ತೀರೇನ್ರಿ?” ಎಂದು ಕೇಳಿದ.

“ಮುಂದಿನ ಬಾಜಾರಕ್ಕ ನೋಡೂಣು” ಎಂದೆ. ಪಾಟಿಗಳು ಸಾಲುತ್ತಿಲ್ಲ, ಎರಡು ಡಜನ್ ತಂದುಕೊಡು ಎಂದೂ ಹೇಳಿದೆ.

ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ. ಗುರಣ್ಣ ತೊಡೆಯ ಮೇಲೆ ಇದ್ದ. ಒಳಗೆ ಆಯಿ ಬೆಳ್ಳುಳ್ಳಿ ಜಜ್ಜುವ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಎಣ್ಣೆ ಕಾಯುತ್ತಿರಬೇಕು. ಮಾಣಿಕಪ್ಪ ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಪ್ರಯಾಗಬಾಯಿ ಹೊಸಿಲ ಮೇಲೆ ನಿಂತಿದ್ದಳು.

ಚುರ್ರ್.

ಖಾರದ ಹೊಗೆ ಪಡಸಾಲೆ ತುಂಬಿತು. ಗುರಣ್ಣ ಆ ಸದ್ದಿನ ಕಡೆ ತಲೆ ತಿರುಗಿಸಿ, ಒಂದು ಕಣ್ಣಿಂದ ಹುಡುಕಿದ. ಆಮೇಲೆ ಸೀನಿದ. ಚಂದ್ರಿ ಸೀನಿದಳು, ಕಾಕಾ ಸೀನಿದರು, ನಾನೂ ಸೀನಿದೆ. ಎಲ್ಲರ ಕಣ್ಣಲ್ಲೂ ನೀರು. ಒಗ್ಗರಣೆಯ ಘಾಟೇ ಹಾಗೆ.

“ಮಾಸ್ತರ್ರೀ, ಉಣ್ಣಾಕ ಬರ್ರಿ” ಎಂದು ಚಂದ್ರಿ ಕೈ ಹಿಡಿದು ಎಳೆದಳು. ಆಯಿ ತಾಟು ಇಡುತ್ತಿದ್ದರು. ಗುರಣ್ಣನಿಗೂ ಒಂದು ಸಣ್ಣ ಬಟ್ಟಲು, ಹಲ್ಲೇ ಇಲ್ಲದವನಿಗೆ. ನನ್ನ ತಾಟು ಕಾಕಾರ ಪಕ್ಕದಲ್ಲಿತ್ತು. ಕೂಡು ಎಂದು ಯಾರೂ ಹೇಳಬೇಕಾಗಲಿಲ್ಲ.

ಬಹಳ ದಿನದ ಮೇಲೆ ಮನೆಯ ಊಟ ಉಂಡೆ.